511 ಗೆಲುವುಗಳ ಹಿಂದಿನ ಲೆಕ್ಕ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ಸೈ ಯಂಗ್ ಅವರ ಬಗ್ಗೆ ಪ್ರಕಟವಾದ ಲೇಖನವನ್ನು ಓದಿದೆ. ಕ್ರಿಕೆಟ್ ಹೊರತಾದ ಆಟವೊಂದಕ್ಕೆ ಅರ್ಧ ಪುಟ ದೊರೆತದ್ದು ಸಂತೋಷದ ಸಂಗತಿ. ಆದರೆ ಪಿಚರ್ ಆಗಿ ಅವರ ಹೆಸರಿಗೆ ದಾಖಲಾದ 511 ಗೆಲುವುಗಳನ್ನು ಪವಾಡವೆಂಬಂತೆ ಬಣ್ಣಿಸಿರುವ ಲೇಖಕರು ಅವು ಹೇಗೆ ಕೂಡಿಬಂದವು ಎಂಬುದನ್ನು ಹೇಳಿಲ್ಲ. ಜೊತೆಗೆ ತಪ್ಪೊಂದು ನುಸುಳಿದೆ.

ನನ್ನ ಮಟ್ಟಿಗೆ 511ಕ್ಕಿಂತ ಬೆರಗು ಹುಟ್ಟಿಸುವ ಸಂಖ್ಯೆ 749. 1890ರಿಂದ 1911ರವರೆಗಿನ 22 ಋತುಗಳಲ್ಲಿ ಯಂಗ್ 815 ಪಂದ್ಯಗಳಲ್ಲಿ ಮೊದಲ ಚೆಂಡು ಎಸೆದು, ಅವುಗಳ ಪೈಕಿ 749ನ್ನು ಇನ್ನೊಬ್ಬ ಪಿಚರ್‌ಗೆ ಚೆಂಡು ಒಪ್ಪಿಸದೆ ತಾವೇ ಮುಗಿಸಿದರು. ಈಗ ಪಂದ್ಯ ಆರಂಭಿಸುವ ಪಿಚರ್ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಕಣಕ್ಕಿಳಿದು, ಪಂದ್ಯದ ಒಂಬತ್ತು ಇನಿಂಗ್ಸ್‌ಗಳಲ್ಲಿ ಐದಾರನ್ನಷ್ಟೇ ಎಸೆದು ಹೊರನಡೆಯುತ್ತಾನೆ. ಅಂಥವನು ವರ್ಷಕ್ಕೆ 20ರಂತೆ 25 ವರ್ಷ ಗೆದ್ದರೂ ಇನ್ನೂ 11 ಗೆಲುವು ಬಾಕಿ ಉಳಿಯುತ್ತವೆ. ಈ ದಾಖಲೆ ಮುರಿಯದಿರುವುದಕ್ಕೆ ಯಂಗ್ ಅವರ ತೋಳಿನಷ್ಟೇ ಆಟದ ರೀತಿ ಬದಲಾದದ್ದೂ ಕಾರಣ. ಅತಿ ಹೆಚ್ಚು ಸೋಲುಗಳ ದಾಖಲೆಯೂ (315) ಅವರದೇ ಎಂಬುದನ್ನು ಲೇಖನ ಪ್ರಸ್ತಾಪಿಸಿಲ್ಲ. ಅಷ್ಟು ಸೋಲುವುದಕ್ಕೂ ಅಷ್ಟು ಕಾಲ ತಂಡದಲ್ಲಿ ಉಳಿದಿರಬೇಕಲ್ಲವೇ?

1867ರಲ್ಲಿ ಓಹಿಯೋದ ಗಿಲ್ಮೋರ್‌ನಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ಡೆಂಟನ್ ಟ್ರೂ ಯಂಗ್ ಅವರ ಎಸೆತದ ಬಿರುಸು ಕಂಡವರು ‘ಸೈಕ್ಲೋನ್’ ಎಂದು ಕರೆದರು. ಅದೇ ಸವೆದು ‘ಸೈ’ ಆಯಿತು. ಕ್ಲೀವ್‌ಲ್ಯಾಂಡ್ ತಂಡದಲ್ಲಿ ಅವರ ಚೆಂಡು ಹಿಡಿಯುತ್ತಿದ್ದ ಚೀಫ್ ಝಿಮ್ಮರ್ ಅಂಗೈ ಉಳಿಸಿಕೊಳ್ಳಲು ಗ್ಲೌಸ್‌ನೊಳಗೆ ಹಸಿ ಮಾಂಸದ ತುಂಡು ಇಟ್ಟುಕೊಳ್ಳುತ್ತಿದ್ದರಂತೆ. 1893ರಲ್ಲಿ ಪಿಚರ್ ನಿಲ್ಲುವ ಜಾಗವನ್ನು ಸುಮಾರು ಐದು ಅಡಿ ಹಿಂದಕ್ಕೆ ಸರಿಸಿ, 60 ಅಡಿ 6 ಅಂಗುಲಕ್ಕೆ ನಿಗದಿ ಮಾಡಿದಾಗ, ಹಳೆಯ ಅಳತೆಗೆ ಕೈ ಪಳಗಿದ್ದ ಹಲವು ಪಿಚರ್‌ಗಳು ಮಂಕಾದರು. ಹಿಂದಿನ ವರ್ಷ 36 ಪಂದ್ಯ ಗೆದ್ದಿದ್ದ ಯಂಗ್ ಆ ವರ್ಷವೂ 34 ಗೆದ್ದರು.

ವೇಗ ಇಳಿದ ಮೇಲೂ ಅವರನ್ನು ಕಾಪಾಡಿದ್ದು ಗುರಿ. ನಾಲ್ಕು ಚೆಂಡು ಗುರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆಯಾಗಿ ದಕ್ಕುವ ಈ ಆಟದಲ್ಲಿ, 1904ರಲ್ಲಿ 380 ಇನಿಂಗ್ಸ್ ಎಸೆದ ಯಂಗ್ ಹಾಗೆ ಬಿಟ್ಟುಕೊಟ್ಟದ್ದು ಕೇವಲ 29 ಸಲ. ಅದೇ ವರ್ಷ ಮೇ 5ರಂದು ಬಾಸ್ಟನ್‌ನಲ್ಲಿ ಅವರೆದುರು ಫಿಲಡೆಲ್ಫಿಯಾ ತಂಡದ ಬ್ಯಾಟರ್‌ಗಳು ಒಟ್ಟು 27 ಸಲ ಸಾಲಾಗಿ ಬಂದು ಸಾಲಾಗಿ ಹಿಂದಿರುಗಿದರು. ಒಬ್ಬರಿಗೂ ಮೊದಲ ಬೇಸ್ ಮುಟ್ಟಲಾಗಲಿಲ್ಲ. ಕೊನೆಯ ಬ್ಯಾಟರ್ ಎದುರಾಳಿ ಪಿಚರ್ ರೂಬ್ ವಾಡೆಲ್. ಅವರು ಎತ್ತಿ ಹೊಡೆದ ಚೆಂಡು ಸೆಂಟರ್ ಫೀಲ್ಡರ್‌ನ ಕೈ ಸೇರಿತು. ಮೂರು ರನ್‌ಗಳ ಈ ಗೆಲುವಿಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಅಚ್ಚರಿ ತಂದಿತು.

ಇನ್ನು ತಪ್ಪಿನ ವಿಷಯ. 1936ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಮೊದಲು ಆಯ್ಕೆಯಾದ ಐವರಲ್ಲಿ ಯಂಗ್ ಒಬ್ಬರೆಂದು ಲೇಖಕರು ಬರೆದಿದ್ದಾರೆ. ಆ ಐವರು ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್ ಮತ್ತು ವಾಲ್ಟರ್ ಜಾನ್ಸನ್. ಹಳೆಯ ಕಾಲದವರ ಪಟ್ಟಿ ಮತ್ತು ಹೊಸ ಕಾಲದವರ ಪಟ್ಟಿ ಎರಡರಲ್ಲೂ ಮತಗಳು ಹಂಚಿಹೋದ ಕಾರಣ ಯಂಗ್ 1937ರವರೆಗೆ ಕಾಯಬೇಕಾಯಿತು.

ಅವರ ವೃತ್ತಿಜೀವನದುದ್ದಕ್ಕೂ ಪ್ರಮುಖ ಲೀಗ್‌ಗಳ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿತ್ತು ಎಂಬುದನ್ನೂ ಆ ಅಂಕಿಗಳ ಪಕ್ಕದಲ್ಲೇ ಬರೆಯಬೇಕಿತ್ತು. ಯಂಗ್ 1955ರ ನವೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನಲ್ಲಿ ಆರಂಭವಾದ ಪ್ರಶಸ್ತಿಯನ್ನು ಮೊದಲು ಪಡೆದವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಕಪ್ಪು ಪಿಚರ್ ಡಾನ್ ನ್ಯೂಕಂಬ್.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಶಿವಮೊಗ್ಗ