ಹೆಸರು ಹೇಳದೆ ಹೋದ ಹಿರಿಯರಿಗೆ

ಅಮೆರಿಕದ ‘ಸೋಲ್’ ಎಂಬ ಸಂಗೀತ ಪ್ರಕಾರದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರು 2018ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಿಧನರಾದಾಗ, ಅವರ ದನಿ ಕೇಳುತ್ತಲೇ ಚಿತ್ರ ಬರೆಯಲು ಕಲಿತ ನಾನು, ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯ ಪಡಸಾಲೆಯಲ್ಲಿ ನನ್ನ ಇದ್ದಿಲು ಚಿತ್ರಗಳನ್ನಿಟ್ಟು ಸಣ್ಣದೊಂದು ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದೆ. ಆರಂಭದಲ್ಲೇ ಆಂಪ್ಲಿಫೈಯರ್ ಕೆಟ್ಟು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ಎದ್ದು ಬಂದು, ಫ್ಯೂಸ್ ಬದಲಿಸಿ, ಸಡಿಲವಾಗಿದ್ದ ತಂತಿಗೆ ಬೆಸುಗೆ ಹಾಕಿ ಸರಿಪಡಿಸಿದರು (ಬೆಸುಗೆಯ ಸಾಮಾನು ಅವರ ಸ್ಕೂಟರಿನ ಡಿಕ್ಕಿಯಲ್ಲೇ ಇದ್ದುದು ನನಗೆ ಇಂದಿಗೂ ಸೋಜಿಗ).

ಪಾದ್ರಿಯ ಮಗಳಾಗಿ ಚರ್ಚಿನಲ್ಲಿ ಹಾಡುತ್ತ ಬೆಳೆದ ಅರೀಥಾ, 1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಭಕ್ತರ ನಡುವೆಯೇ ಧ್ವನಿಮುದ್ರಿಸಿದ ಭಕ್ತಿಗೀತೆಗಳನ್ನು ಅಂದು ಕೇಳಿಸಿದೆವು. ಅವರ ಜನಪ್ರಿಯ ಹಾಡುಗಳಿಗಿಂತ ಇವೇ ದೊಡ್ಡವೆಂಬುದು ನನ್ನ ನಂಬಿಕೆ. ಭಜನೆ ಕೇಳಿ ಬೆಳೆದ ನಮ್ಮೂರಿನವರಿಗೆ, ಒಬ್ಬರು ಎತ್ತಿಕೊಟ್ಟ ಸೊಲ್ಲಿಗೆ ಮೇಳವು ದನಿಗೂಡಿಸುವ ಆ ಪದ್ಧತಿಯನ್ನು ವಿವರಿಸಬೇಕಾಗಲೇ ಇಲ್ಲ.

ಹಣ ಕೊಡಲು ಹೋದಾಗ ಆ ಹಿರಿಯರು, “ಇರ್ಲಿ ಬಿಡವ್ವ, ಹಾಡು ಕೇಳಿದೆನಲ್ಲ” ಎಂದು ಹೊರಟೇಬಿಟ್ಟರು. ಅವರು ಇದನ್ನು ಓದುತ್ತಿದ್ದರೆ ನನ್ನ ಹೃತ್ಪೂರ್ವಕ ಧನ್ಯವಾದಗಳನ್ನು ಸ್ವೀಕರಿಸಬೇಕೆಂದೂ, ಅವರಿಗಾಗಿಯೇ ತೆಗೆದಿರಿಸಿರುವ ಚಿತ್ರವನ್ನು ಮನೆಗೆ ಬಂದು ಒಯ್ಯಬೇಕೆಂದೂ ಕೋರುತ್ತೇನೆ.