ಮನವಿ ಪತ್ರಕ್ಕೆ ಹದಿನೆಂಟು ಬೇಡಿಕೆ ಯಾಕೆ? ಮೂರು ಸಾಕು

ಸಂಪಾದಕರಿಗೆ,

ಮಾನ್ಯರೇ,

ಶಾಲೆ ಶುರುವಾಗುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳಿಂದ ಒಂದೇ ಬಗೆಯ ಸುದ್ದಿ ಬರುತ್ತದೆ. ಎಲ್ಲ ಮಕ್ಕಳಿಗೂ ಶಿಕ್ಷಣ ಸಿಗಬೇಕೆಂದು ಹತ್ತಾರು ಸಂಘಟನೆಗಳು ಒಂದಾಗಿ ಜಾಥಾ ಹೊರಟು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಮನವಿ ಸಲ್ಲಿಸಿದವು ಎಂದು. ಮನವಿಯಲ್ಲಿ ಶಿಕ್ಷಕರ ನೇಮಕದಿಂದ ಹಿಡಿದು ಖಾಸಗೀಕರಣ ನಿಲ್ಲಿಸುವವರೆಗೆ ಹದಿನೆಂಟು ಬೇಡಿಕೆ. ಅವುಗಳಲ್ಲಿ ಹೆಚ್ಚಿನವು ಬಿಇಒ ಕೈಯಲ್ಲಿ ಇಲ್ಲವೇ ಇಲ್ಲ. ‘ಮೇಲಧಿಕಾರಿಗಳ ಗಮನಕ್ಕೆ ತರುತ್ತೇವೆ’ ಎಂಬ ಮಾತು ಕೇಳಿಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಒಕ್ಕೂಟ ಮತ್ತೆ ಕಣ್ಣು ಬಿಡುವುದು ಮುಂದಿನ ಜೂನ್‌ಗೆ. ಅಧಿಕಾರಿಗಳ ಅಸಡ್ಡೆಯನ್ನು ಬೈಯುವುದು ಸುಲಭ, ಆದರೆ ಅರ್ಧ ತಪ್ಪು ಕೇಳುವ ರೀತಿಯಲ್ಲೇ ಇದೆ.

2001ರ ನವೆಂಬರ್ 28ರಂದು ದೆಹಲಿಯಲ್ಲಿ ಎರಡು ತೀರ್ಮಾನ ಹೊರಬಿದ್ದವು. ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ ಸಂವಿಧಾನ ತಿದ್ದುಪಡಿ ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಟ್ಟಿತು. ಆರು ವರ್ಷದೊಳಗಿನ ಮಕ್ಕಳನ್ನು ಕೈಬಿಟ್ಟಿದ್ದನ್ನು ಪ್ರತಿಭಟಿಸಿ, ‘ನಾಫ್ರೆ’ ಹೆಸರಿನ ರಾಷ್ಟ್ರೀಯ ಒಕ್ಕೂಟದ ಕರೆಗೆ ಬಂದ ಸಾವಿರಾರು ಜನ ಅಂದು ದೆಹಲಿಯಲ್ಲೇ ಸೇರಿದ್ದರು. ಅದೇ ದಿನ ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ, ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಊಟದ ಆದೇಶದಲ್ಲಿ ಅಳತೆಯಿತ್ತು: ದಿನಕ್ಕೆ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಗಡುವೂ ಇತ್ತು, ಆರು ತಿಂಗಳು. 2002ರ ಜೂನ್‌ನಲ್ಲೇ ಕರ್ನಾಟಕದ ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದ ಒಲೆ ಹತ್ತಿತು. ಶಿಕ್ಷಣದ ಹಕ್ಕನ್ನು ಮಾತ್ರ ‘ಕಾನೂನಿನ ಮೂಲಕ ಗೊತ್ತುಪಡಿಸುವ ರೀತಿಯಲ್ಲಿ’ ಎಂದು ಸರ್ಕಾರದ ಕೈಗೇ ಬಿಡಲಾಗಿತ್ತು. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಯಾರು, ಎಷ್ಟು, ಯಾವ ದಿನದೊಳಗೆ ಎಂಬುದು ಕಾಗದದ ಮೇಲಿದ್ದರೆ ಆಡಳಿತ ಅಲುಗಾಡುತ್ತದೆ, ಇಲ್ಲದಿದ್ದರೆ ಎಂಟು ವರ್ಷ ಕೂತಿರುತ್ತದೆ.

ತಾಲ್ಲೂಕಿನ ಒಕ್ಕೂಟಕ್ಕೂ ಇದೇ ಲೆಕ್ಕ. ಶಿಕ್ಷಕರ ಕೊರತೆಯನ್ನೇ ನೋಡಿ. ಒಂದು ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ 130 ಮಕ್ಕಳಿದ್ದಾರೆ, ಮಂಜೂರಾದ ಹುದ್ದೆ ನಾಲ್ಕು, ಇರುವವರು ಮೂವರು ಅಂದುಕೊಳ್ಳಿ. ಬಹುತೇಕ ಮನವಿಗಳು ‘ಖಾಲಿ ಹುದ್ದೆ ಭರ್ತಿ ಮಾಡಿ’ ಎನ್ನುತ್ತವೆ. ಹಾಗೆ ಬರೆದ ಕೂಡಲೇ ನಾಲ್ಕೇ ಸಾಕು ಎಂದು ನಾವೇ ಒಪ್ಪಿಕೊಂಡಂತೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು, 121ರಿಂದ 200ಕ್ಕೆ ಐವರು ಶಿಕ್ಷಕರಿರಬೇಕು. 150 ದಾಟಿದರೆ ಪ್ರತ್ಯೇಕ ಮುಖ್ಯ ಶಿಕ್ಷಕರು. ಆದ್ದರಿಂದ ಇಲ್ಲಿ ಕೇಳಬೇಕಾದ್ದು ಒಂದು ಹುದ್ದೆಯ ಭರ್ತಿ, ಇನ್ನೊಂದು ಹುದ್ದೆಯ ಮಂಜೂರಾತಿ. ಸೆಕ್ಷನ್ 26 ಖಾಲಿ ಹುದ್ದೆ ಶೇ 10 ಮೀರಬಾರದು ಎನ್ನುತ್ತದೆ. ಅದು ಜಿಲ್ಲೆಯ ಸರಾಸರಿ ಅಲ್ಲ, ಒಂದೊಂದು ಶಾಲೆಯ ಲೆಕ್ಕ. ಹತ್ತಕ್ಕಿಂತ ಕಡಿಮೆ ಹುದ್ದೆಯಿರುವ ಶಾಲೆಯಲ್ಲಿ, ಅಂದರೆ ನಮ್ಮ ಹಳ್ಳಿಗಳ ಹೆಚ್ಚಿನ ಪ್ರಾಥಮಿಕ ಶಾಲೆಗಳಲ್ಲಿ, ಒಂದೇ ಹುದ್ದೆ ಖಾಲಿಯಿದ್ದರೂ ಕಾಯ್ದೆಯ ಉಲ್ಲಂಘನೆ. ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುವವರು ಕಡತದಲ್ಲಿ ಇದೇ ಶಾಲೆಯವರಾಗಿರುತ್ತಾರೆ. ಸೆಕ್ಷನ್ 25(2) ಅದನ್ನೂ ತಡೆಯುತ್ತದೆ. ವೇತನ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಹೊರಬೀಳುತ್ತದೆ.

ಮನವಿ ಎಂದು ಬರೆಯದೆ ‘ಸೆಕ್ಷನ್ 32ರ ಅಡಿ ದೂರು’ ಎಂದು ಬರೆಯಿರಿ. ಮನವಿಗೆ ಉತ್ತರಿಸುವ ಗಡುವನ್ನು ಆರ್‌ಟಿಇ ಎಲ್ಲೂ ಹೇಳಿಲ್ಲ, ಈ ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಒಂದು ದೂರಿಗೆ ಒಂದೇ ಶಾಲೆ, ಒಂದೇ ಲೋಪ, ಶಾಲೆಯನ್ನು ಗುರುತಿಸುವ ಯುಡೈಸ್ ಸಂಖ್ಯೆ, ಉಲ್ಲಂಘನೆಯಾದ ಸೆಕ್ಷನ್, ಕೇಳುವ ಪರಿಹಾರ. ಇಷ್ಟು ಒಂದು ಪುಟದಲ್ಲಿ ಹಿಡಿಸುತ್ತದೆ. ಯಾರ ವ್ಯಾಪ್ತಿ ಎಂಬ ಜಗ್ಗಾಟದಲ್ಲಿ ಕಾಗದ ಅಲೆಯದಿರಲು ಪಂಚಾಯಿತಿ ಪಿಡಿಒಗೂ ಬಿಇಒಗೂ ಪ್ರತ್ಯೇಕ ಪ್ರತಿ ಕೊಟ್ಟು, ಎರಡೂ ಕಡೆ ಟಪಾಲಿನಲ್ಲಿ (ಕಚೇರಿಗೆ ಬಂದ ಕಾಗದ ದಾಖಲಿಸುವ ವಿಭಾಗದಲ್ಲಿ) ಮುದ್ರೆ, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಬೇಕು. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡ ಕಾಗದ ಅನೇಕ ಸಲ ಟಪಾಲಿಗೆ ಬರುವುದೇ ಇಲ್ಲ. ದಾಖಲಾಗದ ದೂರಿಗೆ ಮೇಲ್ಮನವಿಯೂ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇನ್ನೊಂದು ತೊಡಕಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ 150 ಪದ ಮೀರುವಂತಿಲ್ಲ, ವಿಷಯವೂ ಒಂದೇ ಇರಬೇಕು. ಹುದ್ದೆ, ಶೌಚಾಲಯ, ಅನುದಾನ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ತಿರಸ್ಕರಿಸಲು ನಾವೇ ದಾರಿ ಮಾಡಿಕೊಟ್ಟಂತೆ. ಒಕ್ಕೂಟದ ಪ್ರಯೋಜನ ಕಾಣುವುದು ಇಲ್ಲೇ: ಆರು ಸಂಘ, ಆರು ಅರ್ಜಿ, ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ.

ಒಕ್ಕೂಟಕ್ಕೆ ಯಾರು ಬೇಕು? ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಮೊದಲು, ಯಾಕೆಂದರೆ ಕಾಯ್ದೆ ನೇರವಾಗಿ ಅಧಿಕಾರ ಕೊಟ್ಟಿರುವುದು ಅವುಗಳಿಗೆ. ಜೊತೆಗೆ ದಲಿತ ಸಂಘಟನೆಗಳು, ಸ್ವಸಹಾಯ ಸಂಘಗಳು, ಅಂಗನವಾಡಿ ಮತ್ತು ಬಿಸಿಯೂಟ ನೌಕರರ ಸಂಘಗಳು, ಅಂಗವಿಕಲರ ಸಂಘಗಳು, ಶಿಕ್ಷಕರ ಸಂಘ. ಒಡಕು ಮೂಡುವ ಜಾಗಗಳೂ ಗೊತ್ತಿರುವಂಥವೇ. ಶಿಕ್ಷಕರ ಗೈರುಹಾಜರಿಯ ಮಾತೆತ್ತಿದರೆ ಶಿಕ್ಷಕರ ಸಂಘ ಎದ್ದು ಹೋಗುತ್ತದೆ. ಅತಿಥಿ ಶಿಕ್ಷಕರಿಗೆ ಸೇವಾ ಭದ್ರತೆ ಬೇಕು, ನೇಮಕಾತಿಗೆ ಕಾಯುತ್ತಿರುವ ಡಿ.ಇಡಿ, ಬಿ.ಇಡಿ ಮುಗಿಸಿದವರಿಗೆ ಹುದ್ದೆ ಬೇಕು. ಎಲ್ಲಕ್ಕಿಂತ ದೊಡ್ಡ ಜಗಳ ಬೋಧನಾ ಮಾಧ್ಯಮದ್ದು. ಮಾತೃಭಾಷೆಯನ್ನು ಕಡ್ಡಾಯ ಮಾಡಲಾಗದೆಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸರ್ಕಾರಿ ಶಾಲೆಗಳಿಗೇ ಇಂಗ್ಲಿಷ್ ವಿಭಾಗ ಬೇಕೋ ಬೇಡವೋ ಎಂಬಲ್ಲಿ ಕನ್ನಡಪರರೂ ದಲಿತ ಪೋಷಕರೂ ಎದುರುಬದುರಾಗುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇದನ್ನು ತೀರಿಸಿಕೊಂಡೇ ಒಕ್ಕೂಟ ಕಟ್ಟುತ್ತೇವೆಂದರೆ ಅದು ಎಂದಿಗೂ ಕಟ್ಟಲಾಗದು. ಒಪ್ಪಿಗೆಯಿರುವ ಮೂರು ಬೇಡಿಕೆಗೆ ಎಲ್ಲರೂ ರುಜು ಹಾಕಲಿ. ಉಳಿದ ವಿಷಯಗಳಲ್ಲಿ ಅವರವರ ಬ್ಯಾನರ್ ಅಡಿ ಏನು ಬೇಕಾದರೂ ಮಾಡಲಿ, ಒಕ್ಕೂಟದ ಹೆಸರು ಬಳಸುವುದು ಬೇಡ. ಇದನ್ನು ಮೊದಲ ಸಭೆಯ ನಡಾವಳಿಯಲ್ಲೇ ಬರೆದಿಡಬೇಕು.

ಇನ್ನು ಗುಳೆ. ನಮ್ಮ ಕಡೆ ಸಾರ್ವತ್ರಿಕ ಶಿಕ್ಷಣ ಸೋಲುವುದು ಹೆಚ್ಚಾಗಿ ಇಲ್ಲೇ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಬೆಂಗಳೂರು, ಪುಣೆ, ಗೋವಾಕ್ಕೆ ಗಂಟುಮೂಟೆ ಕಟ್ಟಿದಾಗ ಮಕ್ಕಳೂ ಹೋಗುತ್ತಾರೆ. ಊರಲ್ಲೇ ಉಳಿದ ದೊಡ್ಡ ಹುಡುಗಿಯರು ಹತ್ತಿ, ಮೆಣಸಿನಕಾಯಿ ಬಿಡಿಸಲು ಹೊಲಕ್ಕಿಳಿಯುತ್ತಾರೆ. ಕಾಗದದಲ್ಲಿ ಮಾತ್ರ ಶಾಲೆ ಬಿಟ್ಟವರ ಸಂಖ್ಯೆ ಸೊನ್ನೆಯ ಹತ್ತಿರ. ಹೇಗೆಂದರೆ ಮಗುವಿನ ಹೆಸರು ಊರಿನ ಶಾಲೆಯ ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಲ್ಲಿ) ಇದೆ, ಆದ್ದರಿಂದ ಊರಿನ ಲೆಕ್ಕದಲ್ಲಿ ಅದು ದಾಖಲಾದ ಮಗು. ಬೆಂಗಳೂರಿನ ಶೆಡ್ಡಿನಲ್ಲಿ ಸಮೀಕ್ಷೆಗೆ ಬಂದವರಿಗೆ ಅದು ಬೇರೆ ಜಿಲ್ಲೆಯ ಮಗು. ಎರಡು ಪಟ್ಟಿಯ ನಡುವೆ ಮಗು ಜಾರಿಹೋಗುತ್ತದೆ.

ರಾಜ್ಯದ ನಿಯಮದಲ್ಲಿ ಮೊದಲು 60 ದಿನ ಸತತ ಗೈರಾದರೆ ಮಾತ್ರ ಶಾಲೆ ಬಿಟ್ಟ ಮಗು ಎಂದಿತ್ತು. ಪತ್ರಿಕಾ ವರದಿಯೊಂದನ್ನು ಆಧರಿಸಿ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ಫಲವಾಗಿ ಅದು 7 ದಿನಕ್ಕೆ ಇಳಿಯಿತು. ನಿಯಮ ಒಳ್ಳೆಯದೇ, ಆದರೂ ಗೈರು ಬರೆಯಲು ಶಾಲೆಗಳು ಹಿಂಜರಿಯುತ್ತವೆ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬರು ‘ಹೆಚ್ಚುವರಿ ಶಿಕ್ಷಕ’ರಾಗಿ ಎತ್ತಂಗಡಿಯಾಗುತ್ತಾರೆ, ಶಾಲೆಯೇ ವಿಲೀನದ ಪಟ್ಟಿಗೆ ಸೇರಬಹುದು. ಆ ಭಯ ಸುಳ್ಳಲ್ಲ. ಹಾಗಾಗಿ ಗೈರು ಬರೆದ ಮುಖ್ಯ ಶಿಕ್ಷಕರ ಮೇಲೆ ಕ್ರಮವಾಗದಂತೆ, ಗುಳೆ ಹೋದ ಮಕ್ಕಳ ಕಾರಣಕ್ಕೆ ಹುದ್ದೆ ಕಡಿತವಾಗದಂತೆ ನೋಡಿಕೊಳ್ಳುವ ಬೇಡಿಕೆಯನ್ನೂ ಒಕ್ಕೂಟವೇ ಇಡಬೇಕು. ಶಿಕ್ಷಕರ ಸಂಘ ಮನಸಾರೆ ಕೈಜೋಡಿಸುವ ಬೇಡಿಕೆಯೂ ಇದೇ.

ದೀಪಾವಳಿಗೆ ಮುಂಚೆ, ಊರು ಖಾಲಿಯಾಗುವ ಮೊದಲು, ಎಸ್‌ಡಿಎಂಸಿ ಒಂದು ಪಟ್ಟಿ ಮಾಡಲಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ, ಹೋಗುವ ಊರು, ಕರೆದೊಯ್ಯುವ ಮೇಸ್ತ್ರಿಯ ಫೋನ್, ಅಜ್ಜಿ ಅಥವಾ ಸಂಬಂಧಿಕರ ಬಳಿ ಬಿಡಲು ಮನೆಯವರು ಒಪ್ಪುತ್ತಾರೆಯೇ ಎಂಬುದು. ಊರಲ್ಲೇ ಬಿಟ್ಟುಹೋಗುವ ಮಕ್ಕಳಿಗೆ ಋತುಮಾನದ ವಸತಿ ಕೇಂದ್ರ ಕೇಳಲು ಈ ಪಟ್ಟಿಯೇ ಆಧಾರ. ಕುಟುಂಬ ಹೋದಮೇಲೆ ಕೇಳಿದರೆ ‘ಮಕ್ಕಳೇ ಇಲ್ಲವಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಜೊತೆಯಲ್ಲಿ ಹೋಗುವವರ ಪಟ್ಟಿಯ ಪ್ರತಿ ಅಲ್ಲಿನ ಕಟ್ಟಡ ಕಾರ್ಮಿಕರ ಸಂಘಕ್ಕೋ ಟೆಂಟ್ ಶಾಲೆ ನಡೆಸುವವರಿಗೋ ಮುಟ್ಟಬೇಕು. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (ಸೆಕ್ಷನ್ 5), ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ (ಸೆಕ್ಷನ್ 14). ಈ ಎರಡು ವಾಕ್ಯವನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಪೋಷಕರ ಕೈಗೆ ಕೊಟ್ಟು ಕಳಿಸಿದರೆ ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಕಳಿಸುವ ಜಿಲ್ಲೆಯ ಒಕ್ಕೂಟಕ್ಕೂ ಬರಮಾಡಿಕೊಳ್ಳುವ ಜಿಲ್ಲೆಯ ಒಕ್ಕೂಟಕ್ಕೂ ಫೋನ್ ಸಂಪರ್ಕವೇ ಇಲ್ಲದಿರುವುದು ನಮ್ಮೆಲ್ಲರ ದೊಡ್ಡ ಕೊರತೆ. ರಾಜ್ಯ ಸಮಾವೇಶಕ್ಕೆ ಹಾಕುವ ಶಾಮಿಯಾನದ ಬಾಡಿಗೆಯಲ್ಲಿ ವರ್ಷವಿಡೀ ಈ ಕೆಲಸ ನಡೆಸಬಹುದು.

ಕೇಳುವ ಕಾಲವೂ ಸರಿಯಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಸೆಕ್ಷನ್ 22ರಂತೆ ಎಸ್‌ಡಿಎಂಸಿ ಬರೆಯಬೇಕಾದ್ದು. ನಡೆಯುವುದೇನೆಂದರೆ ಮುಖ್ಯ ಶಿಕ್ಷಕರು ಹಳೆಯದನ್ನೇ ನಕಲು ಮಾಡಿ ರುಜು ಹಾಕಿಸುತ್ತಾರೆ. ಡಿಸೆಂಬರ್ ಒಳಗೆ ಅದು ಸಿದ್ಧವಿದ್ದರೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ದಾಟಿ ಶಾಲೆಗಳಿಗೆ ಹಣ ಕೊಡುವ ‘ಸಮಗ್ರ ಶಿಕ್ಷಣ’ ಕಾರ್ಯಕ್ರಮದ ವಾರ್ಷಿಕ ಯೋಜನೆಗೆ ಸೇರಬಹುದು. ಜೂನ್‌ನಲ್ಲಿ ಕೊಠಡಿ ಕೇಳಿದರೆ ಆ ವರ್ಷದ ಹಣ ಆಗಲೇ ಹಂಚಿಹೋಗಿರುತ್ತದೆ. ಶಾಲೆಯ ಕೈಗೆ ಬರುವ ಸಂಯುಕ್ತ ಅನುದಾನ 31ರಿಂದ 100 ಮಕ್ಕಳಿಗೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಮಕ್ಕಳಿಗೆ 50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಮುರಿದ ಶೌಚಾಲಯದ ಬಾಗಿಲಿಗೆ ಶಾಸಕರ ಬಳಿ ಹೋಗುವ ಮೊದಲು ಈ ಹಣದ ಲೆಕ್ಕ ಕೇಳುವುದು ಒಳ್ಳೆಯದು.

ದುಡ್ಡಿನ ಮಾತು ಬಂದದ್ದರಿಂದ ಇನ್ನೊಂದು. ದೊಡ್ಡ ಸ್ವಯಂಸೇವಾ ಸಂಸ್ಥೆಯ ಯೋಜನೆಯ ಹಣದಲ್ಲಿ ಹುಟ್ಟಿದ ಒಕ್ಕೂಟ ಆ ಯೋಜನೆ ಮುಗಿದ ದಿನವೇ ಸಾಯುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಸದಸ್ಯ ಸಂಘಗಳು ತಿಂಗಳಿಗೆ ನೂರು ರೂಪಾಯಿ ಹಾಕಿಕೊಂಡರೆ ಜೆರಾಕ್ಸ್, ಟಪಾಲು, ಬಸ್ ಚಾರ್ಜಿಗೆ ಸಾಕು. ತಾಲ್ಲೂಕು ಮಟ್ಟದಲ್ಲಿ ಇದಕ್ಕಿಂತ ಹೆಚ್ಚಿನ ಖರ್ಚು ಇರಲೂಬಾರದು.

ಕೊನೆಯದಾಗಿ, ಮಕ್ಕಳು ಕಡಿಮೆಯಿರುವ ಶಾಲೆಗಳ ವಿಲೀನದ ಚರ್ಚೆ ಮತ್ತೆ ಎದ್ದಿರುವುದರಿಂದ ಎಸ್‌ಡಿಎಂಸಿಗಳು ಈಗಲೇ ಮಾಡಿಟ್ಟುಕೊಳ್ಳಬೇಕಾದ ಒಂದು ಕೆಲಸ. ನೆರೆಹೊರೆ ಶಾಲೆ ಎಂದರೆ ಐದನೇ ತರಗತಿವರೆಗೆ 1 ಕಿ.ಮೀ., ಎಂಟರವರೆಗೆ 3 ಕಿ.ಮೀ. ದೂರವನ್ನು ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುವುದುಂಟು. ಮಗು ನಡೆಯುವ ದಾರಿಯನ್ನು ಅಳೆಯಿರಿ, ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಸುತ್ತು ಹಾಕುವ ದಾರಿಯನ್ನೂ ಸೇರಿಸಿ. ದಾಟಬೇಕಾದ ಹೆದ್ದಾರಿ, ರೈಲು ಹಳಿ ಇದ್ದರೆ ನಮೂದಿಸಿ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಪಂಚಾಯಿತಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ವಿಲೀನದ ಆದೇಶ ಬಂದ ಮೇಲೆ ಮಾಡುವ ಠರಾವಿಗಿಂತ ಅದಕ್ಕೆ ಮುಂಚಿನ ದಿನಾಂಕವಿರುವ ಠರಾವಿಗೆ ಆಯೋಗದ ಮುಂದೆಯೂ ನ್ಯಾಯಾಲಯದ ಮುಂದೆಯೂ ತೂಕ ಹೆಚ್ಚು.

— ಎಸ್‌ಡಿಎಂಸಿ ಸದಸ್ಯರು ಮತ್ತು ನಿವೃತ್ತ ಶಿಕ್ಷಕರು, ರಾಯಚೂರು ಜಿಲ್ಲೆ