ಕನ್ನಡ ತಂತ್ರಾಂಶ: ಕೋಡ್ ಜೊತೆಗೇ ವಿನ್ಯಾಸ ದಾಖಲೆಯೂ ಇರಲಿ

ಮಾನ್ಯರೇ,

‘ರ‍್ಯಾಂಕ್’ ಎಂದು ಬರೆದದ್ದು ಜಾಲತಾಣದಲ್ಲಿ ಅರ್ಕಾವೊತ್ತು ಹೊತ್ತು ‘ರ್ಯಾಂಕ್’ ಆಗುವುದನ್ನೂ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದು ಒತ್ತಕ್ಷರಕ್ಕೆ ತಿರುಗುವುದನ್ನೂ ಓದುಗರು ಕಂಡಿರುತ್ತಾರೆ. ಎಷ್ಟೋ ಸಲ ತಪ್ಪು ಫಾಂಟಿನದಲ್ಲ. ಮೊದಲ ಪದದಲ್ಲಿ ರಕಾರಕ್ಕೂ ಹಲಂತಕ್ಕೂ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ನಡುವೆ ಜೀರೊ ವಿಡ್ತ್ ಜಾಯ್ನರ್ (ಅಕ್ಷರಗಳು ಕೂಡುವ ಬಗೆಯನ್ನು ಸೂಚಿಸುವ ಸಂಕೇತ) ಇರಬೇಕು; ಎರಡನೆಯದರಲ್ಲಿ ಟಕಾರದ ಹಲಂತವಾದ ಮೇಲೆ ನಾನ್ ಜಾಯ್ನರ್ (ಒತ್ತಕ್ಷರವಾಗದಂತೆ ತಡೆಯುವ ಸಂಕೇತ) ಇರಬೇಕು. ಎರಡೂ ಕಣ್ಣಿಗೆ ಕಾಣವು. ಪಠ್ಯ ಶುಚಿಗೊಳಿಸುವ ಒಂದು ಸಾಲಿನ ಕೋಡ್ ಅವನ್ನು ಕಸವೆಂದು ಗುಡಿಸಿಹಾಕುತ್ತದೆ. ಗುಡಿಸಬಾರದೆಂಬ ತೀರ್ಮಾನ ಚಾಟ್ ಗುಂಪಿನಲ್ಲೋ ಫೋನಿನಲ್ಲೋ ಆಗಿದ್ದರೆ, ಕೋಡ್ ಬರೆದುಕೊಡಲು ಹೊಸದಾಗಿ ಬಂದ ಕೊಡುಗೆದಾರರಿಗೆ ಅದು ತಿಳಿಯುವುದಾದರೂ ಹೇಗೆ? ಇಂಥ ತೀರ್ಮಾನಗಳನ್ನೂ ಅವುಗಳ ಕಾರಣಗಳನ್ನೂ ಬರೆದಿಡುವ ವಿನ್ಯಾಸ ದಾಖಲೆ ಬೇಕಾಗುವುದು ಇದಕ್ಕೇ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು 2000ದಿಂದಲೂ ‘ಪೆಪ್’ (ಪೈಥಾನ್ ಸುಧಾರಣೆಯ ಪ್ರಸ್ತಾವ) ಎಂಬ, ಸಂಖ್ಯೆಯುಳ್ಳ ದಾಖಲೆಗಳನ್ನು ಇಟ್ಟುಕೊಂಡು ಬಂದಿದ್ದಾರೆ. ಕರಡು, ಅಂಗೀಕೃತ, ಅಂತಿಮ, ತಿರಸ್ಕೃತ ಎಂದು ಪ್ರತಿಯೊಂದಕ್ಕೂ ಅದರ ಸ್ಥಿತಿ ನಮೂದಾಗಿರುತ್ತದೆ. ತಿರಸ್ಕರಿಸಿದ್ದನ್ನೂ ಅವರು ಉಳಿಸಿಕೊಳ್ಳುತ್ತಾರೆ. ನಮ್ಮವರು ಮೊದಲು ಕಲಿಯಬೇಕಾದದ್ದು ಇದನ್ನೇ, ಏಕೆಂದರೆ ಒಮ್ಮೆ ಬೇಡವೆಂದ ಸಲಹೆ ಎರಡು ವರ್ಷ ಬಿಟ್ಟು ಮತ್ತೆ ಬಂದೇ ಬರುತ್ತದೆ.

ನಾಲ್ಕೈದು ಜನರ ಕನ್ನಡ ಯೋಜನೆಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಕೋಡನ್ನೂ ಅದರ ತಿದ್ದುಪಡಿಗಳ ಇತಿಹಾಸವನ್ನೂ ಇಡುವ ಗಿಟ್ ರೆಪೊಸಿಟರಿಯಲ್ಲೇ ಒಂದು ಫೋಲ್ಡರ್, ತೀರ್ಮಾನಕ್ಕೊಂದು ಸರಳ ಪಠ್ಯ ಕಡತ, 0001ರಿಂದ ಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಸಣ್ಣಪುಟ್ಟ ದೋಷ ಸರಿಪಡಿಸಲು ದಾಖಲೆ ಬೇಕಿಲ್ಲ. ಕೀಲಿಮಣೆ ವಿನ್ಯಾಸ, ಕಡತದ ಸ್ವರೂಪ, ಉಳಿಸಿಟ್ಟ ಪಠ್ಯ ಬದಲಾಗುವಾಗ ಮಾತ್ರ ಬೇಕು. ಸಮಸ್ಯೆ ಏನು, ತೀರ್ಮಾನ ಏನು, ಯಾವ ದಾರಿಗಳನ್ನು ಏಕೆ ಬಿಟ್ಟೆವು, ಹಳೆಯ ಕಡತಗಳ ಗತಿ ಏನು ಎಂಬುದು ಎರಡು ಪುಟದಲ್ಲಿ ಮುಗಿಯುತ್ತದೆ.

ಉದಾಹರಣೆಗಳನ್ನು ಮಾತ್ರ ಯುನಿಕೋಡ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಸಂಖ್ಯೆ ಕೊಡುವ ಮಾನದಂಡ) ಸಂಕೇತಗಳ ಮಟ್ಟದಲ್ಲೇ ಬಿಡಿಸಿ ಬರೆಯಬೇಕು. ಪರದೆಯ ಮೇಲಿನ ‘ಕೋ’ ಒಳಗೆ 2 ಸಂಕೇತ ಇರಬಹುದು: ಕಕಾರ ಮತ್ತು ಓತ್ವ. ಒತ್ವ ಮತ್ತು ದೀರ್ಘ ಬೇರೆಯಾದರೆ 3. ಎತ್ವ, ಊತ್ವ, ದೀರ್ಘ ಎಂದು ಒಡೆದರೆ 4. ನೋಡಲು ಮೂರೂ ಒಂದೇ, ಆದರೆ ಸಂಕೇತಗಳನ್ನಷ್ಟೇ ಹೋಲಿಸಿ ಹುಡುಕಿದರೆ ಒಂದಕ್ಕೊಂದು ಸಿಗವು. ಆದ್ದರಿಂದ ‘ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ ತರಬೇಕು’ ಎಂದು ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು. ಒಂದೇ ಅಕ್ಷರದ ಇಂಥ ಬೇರೆ ಬೇರೆ ಸಂಕೇತ ಸರಣಿಗಳನ್ನು ಒಂದೇ ರೂಪಕ್ಕೆ ತರುವ ಯುನಿಕೋಡ್ ನಿಯಮವಿದು. ಎನ್‌ಎಫ್‌ಸಿ ಜಾಯ್ನರ್‌ಗಳನ್ನು ಮುಟ್ಟುವುದಿಲ್ಲ. ಹುಡುಕುವಾಗ ಅವು ಅಡ್ಡಬಂದರೆ ಹುಡುಕಾಟಕ್ಕೆ ಮಾಡಿಕೊಂಡ ಪ್ರತಿಯಲ್ಲಿ ತೆಗೆಯಬಹುದು, ಮೂಲ ಪಠ್ಯದಲ್ಲಿ ಖಂಡಿತ ಕೂಡದು. ಇದೇ ಉದಾಹರಣೆಗಳನ್ನು ಸ್ವಯಂಚಾಲಿತ ಪರೀಕ್ಷೆಗೂ ಹಾಕಿದರೆ, ಯಾರಾದರೂ ನಿಯಮ ಮುರಿದ ಕೂಡಲೇ ಗೊತ್ತಾಗುತ್ತದೆ.

ವಿಕಿಯಲ್ಲಿ ಬೇರೆಯಾಗಿಟ್ಟ ದಾಖಲೆ ಬೇಗ ಹಳಸುತ್ತದೆ, ಏಕೆಂದರೆ ಕೋಡ್ ತಿದ್ದುವವರು ಅತ್ತ ಹೋಗುವುದಿಲ್ಲ. ತಂತ್ರಾಂಶದ ನಡವಳಿಕೆ ಬದಲಿಸುವ, ‘ಈ ತಿದ್ದುಪಡಿ ಸೇರಿಸಿಕೊಳ್ಳಿ’ ಎಂದು ಕೋರುವ ಪುಲ್ ರಿಕ್ವೆಸ್ಟ್‌ನಲ್ಲಿ ದಾಖಲೆಯ ಬದಲಾವಣೆಯೂ ಇಲ್ಲದಿದ್ದರೆ ಪರಿಶೀಲಕರು ಅದನ್ನು ಸೇರಿಸಿಕೊಳ್ಳಬಾರದು. ಹಳೆಯ ತೀರ್ಮಾನವೇ ಬದಲಾದರೆ ಹೊಸ ಸಂಖ್ಯೆಯ ದಾಖಲೆ ಬರೆದು, ಹಳೆಯದರ ತಲೆಯಲ್ಲಿ ‘0012 ನೋಡಿ’ ಎಂದು ಸೂಚಿಸಿದರೆ ಸಾಕು.

ಸರ್ಕಾರದ ಹಣದಿಂದ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶ ಮಾಡಿಸುವಾಗ ಟೆಂಡರಿನಲ್ಲೇ ಈ ಫೋಲ್ಡರನ್ನು ಕೇಳಬೇಕು. ಅದು ಕನ್ನಡದಲ್ಲೇ ಇರಲಿ. ಕೋಡ್ ಬಾರದ ಭಾಷಾತಜ್ಞರೂ ಪತ್ರಿಕೆಗಳ ಕರಡು ತಿದ್ದುವವರೂ ಓದಿ, ಅಂತಿಮ ಕಂತು ಪಾವತಿಯಾಗುವ ಮುನ್ನವೇ ತಪ್ಪು ಹಿಡಿದುಕೊಡಬಲ್ಲರು.

– ಮುಕ್ತ ತಂತ್ರಾಂಶ ಕೊಡುಗೆದಾರರು, ಮೈಸೂರು